ಮಾಳಪ್ಪನ ಸುಟ್ಟ ಕಂಬಳಿ

ಬೇವೂರಿನ ಕುರಿಗಾರ ಮಾಳಪ್ಪನಿಗೆ ಸರಕಾರದ ಜೀಪು ಕಂಡರೆ ಆಗುತ್ತಿರಲಿಲ್ಲ. ಜೀಪಿನ ಸದ್ದು ಕೇಳಿದರೆ ಸಾಕು, ಕುರಿ ಹೊಡೆದುಕೊಂಡು ಗುಡ್ಡದ ಆಚೆ ಹೋಗಿಬಿಡುತ್ತಿದ್ದ. "ಸುಮ್ಮನ ಯಾರೂ ಎಣ್ಣಿ ಸುಟಗೊಂಡು ಬರೂದಿಲ್ಲ. ಏನರ ಕಸಗೊಳ್ಳಾಕ ಬಂದಿರ್ತಾರ" ಎನ್ನುತ್ತಿದ್ದ. ಅಂಥವನ ಮಗ ಲಕ್ಷ್ಮಪ್ಪ ೧೯೮೪ರ ಬೇಸಿಗೆಯಲ್ಲಿ ಬಾಗಲಕೋಟೆಯ ಕಾಲೇಜಿನಿಂದ ತಂದ ಸುದ್ದಿ ಏನು ಗೊತ್ತೆ? ಬಂಡೀಪುರದ ರಾಷ್ಟ್ರೀಯ ಉದ್ಯಾನದಲ್ಲಿ ಯುವಕ ಯುವತಿಯರ ಸೇವಾ ಶಿಬಿರವಂತೆ. ಕಾಡಿನ ಕೆಲಸ ಮಾಡುತ್ತ ಕಾಡನ್ನು ಕಲಿಯುವುದಂತೆ. ಅವನೂ ಹೋಗಬೇಕಂತೆ!

"ಪಗಾರ ಕೊಡ್ತಾರೇನು?" ಎಂದ ಮಾಳಪ್ಪ.

"ಇಲ್ಲಪ್ಪಾ. ಊಟಾ, ವಸ್ತಿ ಅವರದ."

"ಹಾಂ! ಕೇಳಿದ್ಯಾ?" ಮಾಳಪ್ಪ ಹೆಂಡತಿ ತಾಯವ್ವನ ಕಡೆ ತಿರುಗಿದ. "ಪುಗಸಟ್ಟೆ ಉಣಸ್ತಾರಂತ. ಉಣಿಸಿ ಬಾಯಿ ಬಿಡಸ್ತಾರ. ನಿಮ್ಮಪ್ಪನ ಕುರಿ ಎಲ್ಲಿ ಮೇಯ್ತಾವ, ಯಾವ ಹಾದಿ ಹಿಡದು ಗುಡ್ಡಾ ಹತ್ತತಾವ ಅಂತ ಕೇಳ್ತಾರ. ಈ ಭೋಳ್ಯಾ ಎಲ್ಲಾ ಹೇಳಿ ಬರ್ತಾನ. ಮುಂದ ನಮ್ಮ ಗುಡ್ಡಕ್ಕ ತಂತಿ ಬೇಲಿ!"

ಆ ಗುಡ್ಡ ಹೋದರೆ ಅವನ ಕುರಿಗಳಿಗೆ ಬೇರೆ ಮೇವಿಲ್ಲ. ಸಿಟ್ಟಿನ ಹಿಂದೆ ಇದ್ದದ್ದು ಆ ಹೆದರಿಕೆ.

ಪಕ್ಕದ ಮನೆಯ ಜುಲೇಖಾ ಹಿಂದಿನ ವರ್ಷ ಅದೇ ಶಿಬಿರಕ್ಕೆ ಹೋಗಿ ಬಂದವಳು. ಕಟ್ಟೆಯ ಮೇಲೆ ಕುಳಿತು ಸಮಾಧಾನದಿಂದ ಹೇಳಿದಳು: "ಕಾಕಾ, ನನಗ ಯಾರೂ ಹಂಗೇನೂ ಕೇಳಲಿಲ್ರಿ. ನೀರಿನ ಹೊಂಡದ ಹೂಳು ತಗದ್ವಿ. ಪ್ರಾಣಿಗಳ ಹೆಜ್ಜಿ ಗುರುತು ನೋಡಾಕ ಕಲತ್ವಿ. ಬೆಂಕಿ ದಾಟಬಾರದಂತ ಹುಲ್ಲು ಕೆತ್ತಿ ಬಯಲ ಪಟ್ಟಿ ಮಾಡಿದ್ವಿ."

"ಮತ್ತ ಅಲ್ಲಿ ನಿನ್ನ ಫೋಟೋ ಯಾಕ ತಗದ್ರು?"

"ನೆನಪಿಗಿ ಎಲ್ಲಾರೂ ಕೂಡಿ ತಗಸಿದ್ವಿರಿ."

"ನೆನಪಿಗಿ! ಯಾರ ನೆನಪಿಗಿ?"

ತಾಯವ್ವ ಹಣೆ ಬಡಿದುಕೊಂಡಳು. "ಇವರ ಜೋಡಿ ಮಾತಾಡೂದಕ್ಕಿಂತ ಟಗರಿನ ಜೋಡಿ ಮಾತಾಡೂದು ಚಲೋ."

"ಹೋಗೂದ ಬ್ಯಾಡ" ಎಂದು ಮಾಳಪ್ಪ ಎದ್ದ. "ಹೆಗಲ ಮ್ಯಾಲಿನ ಕಂಬಳಿ ನೋಡಿದ್ರ ಸಾಕು, ಕುರಿ ಕಾಯವ್ರ ಮಗಾ ಅಂತ ಗುರುತು ಹಿಡೀತಾರ."

ಮಳೆಗಾಲಕ್ಕೆ ಮೊದಲು ಗುಡ್ಡದ ಒಣ ಹುಲ್ಲಿಗೆ ಬೆಂಕಿ ಹಚ್ಚುವುದು ಮಾಳಪ್ಪನ ರೂಢಿ. ಸುಟ್ಟ ಜಾಗದಲ್ಲಿ ಎಳೆ ಹುಲ್ಲು ಬೇಗ ಚಿಗುರುತ್ತದೆ ಎಂದು ಅವನ ಅಪ್ಪನೂ ಹಚ್ಚುತ್ತಿದ್ದ. ಆ ವಾರ ಒಂದು ಮುಂಜಾನೆ ಗಾಳಿ ಇಲ್ಲದ್ದು ನೋಡಿ ಮಾಳಪ್ಪ ಕಡ್ಡಿ ಗೀರಿದ. ಹುಲ್ಲು ಉರಿದು ಆರಿತೆಂದು ಮನೆಗೆ ಬಂದ. ಆದರೆ ಬೆಂಕಿ ಆರಿರಲಿಲ್ಲ. ಮಧ್ಯಾಹ್ನ ಗಾಳಿ ಎದ್ದದ್ದೇ ತಡ, ಗುಡ್ಡದ ಬುಡದ ಕಡೆಗೆ ನುಗ್ಗಿತು. ಅಲ್ಲೇ ಬಲೆ ಕಟ್ಟಿದ ದೊಡ್ಡಿಯಲ್ಲಿ ಹಾಲು ಕುಡಿಯುವ ಮರಿಗಳಿದ್ದವು!

ಹೊಗೆ ಕಂಡು ಊರೇ ಓಡಿತು. ತಾಯವ್ವ ಎರಡೆರಡೇ ಮರಿಗಳನ್ನು ಎತ್ತಿ ಸಾಗಿಸತೊಡಗಿದಳು, ಎಲ್ಲವನ್ನೂ ಸಾಗಿಸುವಷ್ಟು ಹೊತ್ತಿರಲಿಲ್ಲ. ಮಾಳಪ್ಪ ಹುಚ್ಚನಂತೆ ಕಂಬಳಿಯಿಂದ ಬೆಂಕಿ ಬಡಿಯುತ್ತಿದ್ದ. ಇಲ್ಲಿ ಆರಿಸಿದರೆ ಅಲ್ಲಿ ಏಳುತ್ತಿತ್ತು.

"ಬಡಿಯೂದು ಬಿಡ್ರಿ ಕಾಕಾ, ಹಿಂದ ಬರ್ರಿ!" ಜುಲೇಖಾ ಕೂಗಿದಳು. "ಲಕ್ಷ್ಮಪ್ಪಾ, ಸಲಿಕಿ ತಗೋ. ದೊಡ್ಡಿ ಮುಂದ ಹುಲ್ಲು ಕೆತ್ರಿ, ಬರೇ ಮಣ್ಣು ಕಾಣಬೇಕು!"

ಸಲಿಕೆ, ಗುದ್ದಲಿ, ಕಳೆ ತೆಗೆಯುವ ಕುರ್ಚಿಗಿ, ಕೈಗೆ ಸಿಕ್ಕಿದ್ದು ಹಿಡಿದು ಎಲ್ಲರೂ ಕೆತ್ತಿದರು. ಬೆಂಕಿ ಬರಿ ಮಣ್ಣಿನ ಪಟ್ಟಿಯ ತನಕ ಬಂತು. ತಿನ್ನಲು ಹುಲ್ಲಿಲ್ಲದೆ ಅಲ್ಲೇ ಸೊರಗಿ ಆರಿತು. ಒಂದು ಮರಿಯೂ ಸಾಯಲಿಲ್ಲ.

ಮಾಳಪ್ಪ ಬೆವರು ಒರೆಸಿಕೊಂಡ. "ಇದು ಜೀಪಿನವ್ರದ ಕೆಲಸ! ನಮ್ಮ ಮ್ಯಾಲ ಹಾಕಾಕ ಅವರ ಹಚ್ಯಾರ."

ಲಕ್ಷ್ಮಪ್ಪ ಮೆಲ್ಲಗೆ ಹೇಳಿದ: "ಅಪ್ಪಾ, ಮುಂಜಾನೆ ಕಡ್ಡಿಪೆಟಗಿ ಒಯ್ದಾಂವ ನೀನ."

ಮಾಳಪ್ಪ ಕೈಯಲ್ಲಿದ್ದ ಕಂಬಳಿಯ ಸುಟ್ಟ ಅಂಚು ನೋಡಿಕೊಂಡ. ಅವನಿಗೆ ಬಹಳ ನಾಚಿಕೆಯಾಯಿತು. ಜುಲೇಖಾಳ ಕಡೆ ತಿರುಗಿ ಕೇಳಿದ: "ಖರೆ ಹೇಳವಾ. ನಮ್ಮ ಗುಡ್ಡಕ್ಕ ಬೇಲಿ ಹಾಕೂದಿಲ್ಲೇನು?"

"ಅದು ನನಗ ಗೊತ್ತಿಲ್ರಿ ಕಾಕಾ. ಸುಳ್ಳ ಯಾಕ ಹೇಳ್ಲಿ? ಆದ್ರ ಆ ಮಾತು ಬಂದ ದಿನಾ, ಕಾಡಿನ ಕಾಯ್ದೆನೂ ತಿಳದ, ಕುರಿ ಹಾದಿನೂ ತಿಳದ ಒಬ್ರು ನಮ್ಮ ಕಡೆ ನಿಂತು ಮಾತಾಡಾಕ ಬೇಕಲ್ರಿ?"

ಮರುದಿನ ಮಾಳಪ್ಪ ತಾನೇ ಬಾಗಲಕೋಟೆಗೆ ಹೋದ. ಕಾಲೇಜಿನ ಮೇಷ್ಟ್ರನ್ನು ಹಿಡಿದು ಪೊಲೀಸರಂತೆ ಪ್ರಶ್ನೆ ಹಾಕಿದ. ಹುಡುಗರ ಜೊತೆ ಯಾರು ಹೋಗ್ತೀರಿ? ಎಲ್ಲಿ ಮಲಗಸ್ತೀರಿ? ಜಡ್ಡು ಬಿದ್ರ ದವಾಖಾನಿ ಎಲ್ಲೈತಿ? ಮೇಷ್ಟ್ರು ಎಲ್ಲಕ್ಕೂ ಉತ್ತರ ಕೊಟ್ಟರು. ಆಗಲೇ ಅವನು ಹೂಂ ಅಂದದ್ದು.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಮಾಳಪ್ಪ ಅಂಚು ಸುಟ್ಟ ಆ ಕಂಬಳಿಯನ್ನೇ ಮಗನ ಹೆಗಲಿಗೆ ಹಾಕಿದ. "ಯಾರ ಮಗಾ ಅಂತ ಕೇಳಿದ್ರ ಕುರಿ ಕಾಯವ್ರ ಮಗಾ ಅನ್ನು. ಕಂಬಳಿ ಹೆಂಗ ಸುಟ್ಟಿತು ಅಂತ ಕೇಳಿದ್ರ, ಬೆಂಕಿ ಹಚ್ಚಿದಾಂವ ನಮ್ಮಪ್ಪನ ಅಂತನೂ ಹೇಳು. ಮುಚ್ಚಿಡಬ್ಯಾಡ."

ಇದನ್ನು ಕೇಳುತ್ತಿರುವ ತಾಯಿ ತಂದೆಯರೇ, ನಿಮಗೂ ಸಂಶಯ ಬರಲಿ, ತಪ್ಪೇನಿಲ್ಲ. ಆದರೆ ಅದನ್ನು ಮನೆಯಲ್ಲಿಟ್ಟುಕೊಂಡು ಕೂಡಬೇಡಿ. ಶಿಬಿರ ನಡೆಸುವವರ ಹತ್ತಿರ ಹೋಗಿ ಕೇಳಿ, ಒತ್ತಿ ಕೇಳಿ. ಉತ್ತರ ಸರಿಯೆನಿಸಿದರೆ ಮಗನನ್ನೂ ಕಳಿಸಿ, ಮಗಳನ್ನೂ ಕಳಿಸಿ. ಅವರು ಕಲಿತು ಬರುವ ತನಕ, ದಯವಿಟ್ಟು, ಒಣ ಹುಲ್ಲಿನ ಹತ್ತಿರ ಕಡ್ಡಿ ಗೀರಬೇಡಿ. ಎಲ್ಲ ಊರಲ್ಲೂ ಜುಲೇಖಾ ಇರುವುದಿಲ್ಲ.