ನಾಲ್ಕನೇ ಬಾಣದ ಮಗ್ಗುಲು

ಶನಿವಾರ ಬೆಳಿಗ್ಗೆ ಕೀರ್ತಿ ಫೋನ್ ಕೈಗೆತ್ತಿಕೊಂಡಿದ್ದು, ಮರುದಿನದ ಬಿಲ್ಲುಗಾರಿಕೆ ಆಯ್ಕೆ ಸ್ಪರ್ಧೆಯಿಂದ ತನ್ನ ಹೆಸರು ತೆಗೆಸೋಕೆ. ಆರು ಬಾಣದಲ್ಲಿ ಐದು ಗುರಿಯ ನಟ್ಟನಡುವಿನ ಹಳದಿಗೆ ನಾಟಿದರೆ ಒಂದು ಎಡಕ್ಕೆ ಓಡುತ್ತಿತ್ತು. "ಕೈ ಅದುರ್ತಿದೆ ಕಣಮ್ಮ" ಅಂದಿದ್ದರು ಕೋಚ್. ಎರಡು ತಿಂಗಳಿಂದ ಅವಳೂ ಅದನ್ನೇ ನಂಬಿ ಕೈಯನ್ನೇ ಬೈಯುತ್ತಿದ್ದಳು.

ಅಬ್ಬಿಗೆರೆ ಮನೆಯ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ರತ್ನವ್ವ, ಕಾರಣ ತಿಳಿದು, ಅವಳು ನಂಬರ್ ಒತ್ತುವ ಮೊದಲೇ ಕೇಳಿದರು, "ದಿನಾ ಓಡೂದು ಅದ ಬಾಣ ಏನು, ಬ್ಯಾರೆ ಬ್ಯಾರೆ ಏನು?"

"ನಾಲ್ಕನೇ ನಂಬರಿಂದೇ ಅತ್ತೆ. ಆದ್ರೆ ಆರೂ ಒಂದೇ ಥರ. ಕಂಪನಿ ಹೆಸರು ಎಲ್ಲದ್ರಲ್ಲೂ ಮೇಲೆ ಬರೋ ಹಾಗೆ ಹಿಂದಿನ ಕಚ್ಚು ನಾನೇ ಜೋಡಿಸಿದೀನಿ."

"ಹೆಸರ ಬರದಾಂವಗ ಬಾಣದ ಕಡ್ಡಿ ಎಲ್ಲೆ ಗಟ್ಟಿ ಐತಿ ಅಂತ ಹ್ಯಾಂಗ ಗೊತ್ತಾಗ್ಬೇಕವಾ?"

ರತ್ನವ್ವ ಇಪ್ಪತ್ತೆಂಟು ವರ್ಷ ಕಾರ್ಖಾನೆಯಲ್ಲಿ ಬೇರಿಂಗ್ ತಪಾಸಣೆ ಮಾಡಿದವರು. ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಕೀರ್ತಿ ಆ ಕೆಲಸದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಅತ್ತೆ ಹಳೇ ಡಬ್ಬಿಯಿಂದ ನಾಲ್ಕು ಬೇರಿಂಗ್ ತೆಗೆದು, ಹಲಗೆಯ ಎರಡು ಕಡೆ ಎರಡೆರಡು ಮೊಳೆಗೆ ಸಿಕ್ಕಿಸಿ, ಅವುಗಳ ಸಂದಿಯಲ್ಲಿ ಬಾಣ ಮಲಗಿಸಿ, ನಡುವೆ ಒಂದೇ ಬೆರಳು ಒತ್ತಿದರು.

ಬಾಣ ತಾನಾಗಿ ಹೊರಳಿತು. ನಿದ್ದೆಯಲ್ಲಿದ್ದವರು ಮಗ್ಗುಲಾದ ಹಾಗೆ. ಕೀರ್ತಿ ಬೇಕಂತಲೇ ತಿರುಗಿಸಿಟ್ಟು ಒತ್ತಿದಳು. ಮತ್ತೆ ಅದೇ ಮಗ್ಗುಲು.

"ಜೀವ ಇದೆಯಾ ಅತ್ತೆ ಇದಕ್ಕೆ?"

"ಜೀವ ಎಲ್ಲಿಂದ? ಒಂದ ಕಡೆ ಬಿಗಿ, ಒಂದ ಕಡೆ ಮೆತ್ತಗ. ಬಾಗಾಕ ಸಸಾರ ಇದ್ದಲ್ಲಿ ತಿರಗತೈತಿ. ನಿನ್ನ ಗಂಡನಂಗ."

ಮೇಲೆ ಬಂದ ಜಾಗಕ್ಕೆ ಕೀರ್ತಿಯ ಉಗುರುಬಣ್ಣದ ಚುಕ್ಕೆ ಇಟ್ಟರು. ಐದು ಬಾಣಗಳಲ್ಲಿ ಚುಕ್ಕೆ ಹೆಸರಿನ ಹತ್ತಿರವೇ ಬಿತ್ತು. ನಾಲ್ಕನೇದರಲ್ಲಿ ಮಾತ್ರ ಒಂದು ಗರಿಯಷ್ಟು ಆಚೆ. ಹೆದೆಗೆ ಸಿಕ್ಕಿಸೋ ತುದಿಯ ಪ್ಲಾಸ್ಟಿಕ್ ಕಚ್ಚನ್ನು, ಉಳಿದ ಐದರ ಹಾಗೇ ಚುಕ್ಕೆ ಮೇಲೆ ಬರುವಂತೆ, ಅಷ್ಟೇ ತಿರುಗಿಸಿ ಕೂರಿಸಿದರು.

ವಿದ್ಯಾರಣ್ಯಪುರದ ಮೈದಾನಕ್ಕೆ ಇಬ್ಬರೂ ಬಸ್ ಹತ್ತಿ ಹೋದರು. ಕೀರ್ತಿ ಆರನ್ನೂ ಬಿಟ್ಟಳು. ಆರೂ ಹಳದಿಯೊಳಗೆ ಒಂದಕ್ಕೊಂದು ಒತ್ತಿಕೊಂಡು ನಿಂತವು.

"ಯಾವುದವಾ ನಿನ್ನ ನಾಕನೇದು?"

ಕೀರ್ತಿಗೆ ಗೊತ್ತಾಗಲಿಲ್ಲ. ಹತ್ತಿರ ಹೋಗಿ, ಕಡ್ಡಿಗಳ ಮೇಲಿನ ನಂಬರ್ ಓದಿದ ಮೇಲಷ್ಟೇ ಅದು ಸಿಕ್ಕಿದ್ದು. ಅದರ ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟು, ಅದುರದ ತನ್ನ ಕೈಯನ್ನೇ ಬಹಳ ಹೊತ್ತು ನೋಡಿದಳು.

"ಕೋಚ್‌ಗೆ ಫೋನ್ ಮಾಡ್ತೀನಿ ಅತ್ತೆ."

ರತ್ನವ್ವ ಹುಬ್ಬೇರಿಸಿದರು.

"ನಾಳೆ ಎಷ್ಟು ಗಂಟೆಗೆ ಬರ್ಬೇಕು ಅಂತ ಕೇಳೋಕೆ."