ದಬ್ಬೆ ಕಟ್ಟಿದ ಕೈ

"ಇದನ್ನ ಕಟ್ಟಿದ್ದು ಯಾರು?" ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರ್ ಅನುಸೂಯ ಕಾಳಕ್ಕನ ಎರಡೂ ಕೈ ಕಿಟಕಿ ಬೆಳಕಿಗೆ ಹಿಡಿದು ಕೇಳಿದರು. ಮುಂಗೈಯಿಂದ ಬೆರಳ ತುದಿಯವರೆಗೆ ಬಿದಿರು ದಬ್ಬೆಯ ಅಚ್ಚು ಇನ್ನೂ ಮಾಸಿರಲಿಲ್ಲ.

ಪಕ್ಕದಲ್ಲಿದ್ದ ಗಂಡ ಸಣ್ಣಪ್ಪ ನೆಲ ನೋಡಿದ. ಶ್ರೀರಾಂಪುರದ ಸುತ್ತ ಯಾರ ಕುರಿ ಕಾಲು ಮುರಿದುಕೊಂಡರೂ ಮೊದಲು ನೆನಪಾಗುವುದು ಅವನೇ. ದಬ್ಬೆ ಇಟ್ಟು, ಕಾಳಕ್ಕ ನೂತ ಉಣ್ಣೆ ಹುರಿಯಿಂದ ಬಿಗಿದನೆಂದರೆ ತಿಂಗಳೊಪ್ಪತ್ತಿನಲ್ಲಿ ಕುರಿ ಎದ್ದು ಮೇಯಬೇಕು. ಅಂಥವನ ಮನೆಯಲ್ಲೇ ಹೆಂಡತಿಯ ಬೆರಳ ಗೆಣ್ಣುಗಳು ಊದಿಕೊಂಡು, ಬೆಳಗಾದರೆ ಚೊಂಬು ಹಿಡಿಯಲಾಗದೆ ಅವಳು ಕುಂತುಬಿಟ್ಟಾಗ, ಆಸ್ಪತ್ರೆ ಯಾಕೆ ಅಂತ ಅವನಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನು? ಅಲುಗಾಡದಿದ್ದರೆ ನೋವು ತಾನೇ ಇಳಿಯುತ್ತೆ ಅಂದ. ಮೂರು ತಿಂಗಳು ಕಟ್ಟಿದ. ಅವಳು ನೂತ ಹುರಿಯಲ್ಲೇ ಕಟ್ಟಿದ.

"ನಾನೇ ಕಟ್ಕಂಡಿದ್ದೆ ಕಣ್ರಿ," ಅಂದಳು ಕಾಳಕ್ಕ.

"ಎರಡೂ ಕೈಗೆ ನೀನೇ ಹೆಂಗಮ್ಮ ಕಟ್ಕಂತೀಯ?"

ಕಾಳಕ್ಕ ಸೆರಗಿನೊಳಗೆ ಕೈ ಎಳೆದುಕೊಂಡಳು. ಡಾಕ್ಟರ್ ಎಕ್ಸ್‌ರೇ, ರಕ್ತದ ರಿಪೋರ್ಟು ಮುಂದಿಟ್ಟು ಬಿಡಿಸಿ ಹೇಳಿದರು. ಇದು ಮುರಿತವಲ್ಲ, ಸಂಧಿವಾತ. ಮೈಯೇ ಮೈಯ ಕೀಲುಗಳನ್ನು ತಿನ್ನುವ ಕಾಯಿಲೆ. ವಾರಕ್ಕೊಂದು ದಿನ ಮಾತ್ರೆ, ಆಗಾಗ ರಕ್ತ ಪರೀಕ್ಷೆ; ಮಂಡಿಗೆ, ಭುಜಕ್ಕೆ ಹರಡದಂತೆ ತಡೆಯಬಹುದು.

"ಬೆರಳು?" ಅಂದ ಸಣ್ಣಪ್ಪ. "ಮತ್ತೆ ನೂಲ್ತಾಳೇನ್ರಿ?"

"ಮೊದಲೇ ಬಂದಿದ್ರೆ ಉಳಿಸ್ಕಬಹುದಿತ್ತು. ಕೀಲು ಸವೆದಾವೆ, ಕಟ್ಟಿಟ್ಟಿದ್ದಕ್ಕೆ ಹಂಗೇ ಸೆಟ್ಕಂಡಾವೆ. ನೋವು ಇಳೀತೈತೆ. ನೂಲೋದು ಇನ್ನ ಆಗಲ್ಲಪ್ಪ."

ಊರಿಗೆ ಹೋಗುವ ಬಸ್ಸು ಹೊಸದುರ್ಗ ದಾಟಿತು. ಸಣ್ಣಪ್ಪನಿಗೆ ತನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ತೊಡೆಯಡಿ ಇಟ್ಟುಕೊಂಡು ಕುಂತಿದ್ದ.

"ನನ್ನ ಹೆಸ್ರು ಯಾಕೆ ಹೇಳ್ಲಿಲ್ಲ?" ಅಂದ ಕೊನೆಗೆ.

"ಹೇಳಿದ್ರೆ ಬೆರಳು ಬರ್ತಿದ್ವೇನು? ಸುಮ್ನೆ ಕುಂತ್ಕ."

ಅವಳ ದನಿಯಲ್ಲಿ ಸಿಟ್ಟಿತ್ತು. ಇನ್ನೂ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಮನೆಯ ಜಗಲಿಯಲ್ಲಿ ಕುರಿ ಕಾಯುವ ಜುಂಜಯ್ಯ ಕಾಲು ಮುರಿದ ಕುರಿಮರಿಯನ್ನು ಮಡಿಲಲ್ಲಿಟ್ಟುಕೊಂಡು ಕಾದಿದ್ದ. "ಎಲ್ಲೋಗಿದ್ರಪ್ಪ? ಬೆಳಿಗ್ಗಿಂದ ಕುಂತೀನಿ."

"ಬೇರೆ ಯಾರತ್ರನಾದ್ರೂ ತೋರ್ಸು," ಅಂದ ಸಣ್ಣಪ್ಪ. ದಬ್ಬೆ ತರಲು ಅವನು ಹೊಸಿಲು ದಾಟಲೇ ಇಲ್ಲ.

"ಮರಿಗೆ ಮುರ್ದೈತೆ," ಅಂದಳು ಕಾಳಕ್ಕ. "ನಂಗೆ ಮುರ್ದಿರ್ಲಿಲ್ಲ. ಕಟ್ಟು."

ಒಳಗೆ ಗೂಟದಲ್ಲಿ ಅವಳು ನೂತ ಹುರಿಯ ಕೊನೆಯ ಸುತ್ತು ನೇತಾಡುತ್ತಿತ್ತು. ಅದನ್ನು ಇಳಿಸಿಕೊಂಡು ಬಂದು ಅವನು ದಬ್ಬೆ ಹೊಂದಿಸಿದ. ಕಾಳಕ್ಕ ಎಂದಿನಂತೆ ಎದುರು ಕುಂತು, ಮಡಚಲಾರದ ಬೆರಳುಗಳನ್ನು ಆಚೆಗೆ ಚಾಚಿ, ಎರಡು ಮಣಿಕಟ್ಟುಗಳ ನಡುವೆ ಮರಿಯ ಕಾಲನ್ನು ಹಿಡಿದಳು. ಅವನು ಗಂಟು ಬಿಗಿದ, ಸಡಿಲಿಸಿದ, ಮತ್ತೆ ಬಿಗಿದ.