ರೆಂಟನ್ನಿನ ಕುರ್ಚಿ

"ಏಯ್ ಬೆಟ್ಟಮ್ಮ, ಮ್ಯಾಪ್ ಮುಟ್ಬೇಡ! ಕೈಯೆಲ್ಲಾ ಸಾಂಬಾರು. ಕಿಚನ್ ಬಿಟ್ಟು ಇಲ್ಲೇನ್ ಕೆಲಸ ನಿಂಗೆ?"

ಕಡಲಾಚೆಯ ಬೆಲ್ವ್ಯೂ ಊರಿನ ಹಾಲ್‌ನಲ್ಲಿ ೨೦೧೪ರ ಯುಗಾದಿ. ಕನ್ನಡ ಬಳಗದ ಅಧ್ಯಕ್ಷ ಚಕ್ರಪಾಣಿ ಎಲ್ಲರಿಗೂ ಕೇಳುವಂತೆ ಗದರಿದ. ಬೆಟ್ಟಮ್ಮ ಕೈ ತೆಗೆದಳು, ಕಣ್ಣು ತೆಗೆಯಲಿಲ್ಲ. ಗೋಡೆಯ ಮ್ಯಾಪಿನ ಮೇಲೆ ಸುತ್ತಮುತ್ತಲ ಊರುಗಳೆಲ್ಲ ಬಳಗದ ಕ್ಷೇತ್ರಗಳು, ಒಂದೊಂದಕ್ಕೂ ಒಂದೊಂದು ಬಣ್ಣ. ರೆಂಟನ್‌ಗೆ ಮಾತ್ರ ಬಣ್ಣವಿಲ್ಲ. ಅದನ್ನು ಪಕ್ಕದ ಇಸ್ಸಾಕ್ವಾದ ಬಣ್ಣ ನುಂಗಿತ್ತು.

"ನಮ್ ರೆಂಟನ್ ಎಲ್ಲೋಯ್ತು ಸ್ವಾಮಿ?"

"ಮರ್ಜ್ ಮಾಡ್ತಿದೀವಿ. ನಿಮ್ಮದು ಇಪ್ಪತ್ತೇ ಮನೆ. ಅಷ್ಟಕ್ಕೆ ಕಮಿಟೀಲೊಂದು ಸೀಟ್ ಯಾಕೆ? ಈಗ ವೋಟ್ ಇದೆ, ಮುಗಿಯತ್ತೆ. ಹೋಗು, ಅನ್ನ ನೋಡ್ಕೋ."

ಆ ಸೀಟು ಪುಕ್ಕಟೆ ಬಂದದ್ದಲ್ಲ. ಮಗು ನೋಡಿಕೊಳ್ಳಲು, ಅಡುಗೆ ಮಾಡಲು ಎಂದು ಬಳಗದವರು ಊರಿನಿಂದ ಕರೆತಂದು ಆಮೇಲೆ ಕೈಬಿಟ್ಟ ಆಳುಗಳೆಲ್ಲ ಸೇರಿದ್ದು ರೆಂಟನ್ನಿನಲ್ಲಿ. ಬಳಗದ ಹಬ್ಬಕ್ಕೆ ಬೇಯಿಸುವವರು ಅವರೇ, ಮಿಕ್ಕಿದ್ದನ್ನು ಪಾರ್ಕಿಂಗ್‌ನಲ್ಲಿ ನಿಂತು ತಿನ್ನುವವರೂ ಅವರೇ. ಮೂರು ವರ್ಷ ಜಗಳಾಡಿ ಒಂದು ಸೀಟು ಕಿತ್ತುಕೊಂಡು ತಮ್ಮವಳೇ ಆದ ಶಾಂತವ್ವನನ್ನು ಕೂರಿಸಿದ ಮೇಲಷ್ಟೇ ಹಾಲ್‌ನೊಳಗೆ ಕೂತು ಉಣ್ಣುವಂತಾಗಿತ್ತು. ಸೀಟು ಹೋದರೆ ಮತ್ತೆ ಪಾರ್ಕಿಂಗೇ.

ಹೋಟೆಲ್ ಲಾಂಡ್ರಿಯಲ್ಲಿ ತನ್ನ ಜೊತೆ ಚಾದರ ಮಡಿಸುವ ಮುದುಕಿ ಅದೆಲ್ ಬೆಟ್ಟಮ್ಮನಿಗೆ ನೆನಪಾದಳು. ಕೆನಡಾದ ಕಡಲತೀರದವಳು, ಫ್ರೆಂಚ್ ಮಾತಾಡುವ ಅಕೇಡಿಯನ್ ಜನ. ಹಿಂದೆ ಬ್ರಿಟಿಷರು ಅವಳ ಹಿರೀಕರನ್ನು ಹಡಗಿಗೆ ತುಂಬಿ ಓಡಿಸಿದ್ದರಂತೆ. ಮರಳಿ ಬಂದವರ ಹೊಲಗಳು ಬೇರೆಯವರ ಪಾಲಾಗಿದ್ದವು. ಬಂಡೆಗಲ್ಲಿನ ದಡದಲ್ಲಿ ಮೀನು ಹಿಡಿದು ಬದುಕಿದರು. ಕೊನೆಗೆ ತಮ್ಮವರೇ ಹೆಚ್ಚಿದ್ದ ಆರ್ಗೈಲ್ ಎಂಬ ಪುಟ್ಟ ಕ್ಷೇತ್ರ ದಕ್ಕಿತು, ತಮ್ಮ ಭಾಷೆಯ ಶಾಸಕ ಸಿಕ್ಕಿದ. ಎರಡು ವರ್ಷದ ಹಿಂದೆ, ಜನ ಕಮ್ಮಿ ಎಂದು, ಅದನ್ನೂ ಪಕ್ಕದ ಇಂಗ್ಲಿಷ್ ಮಾತಿನ ಸೀಮೆಗೆ ಸೇರಿಸಿಬಿಟ್ಟರು. ‘ನಮ್ಮವರು ಸುಮ್ಮನೆ ಕೂತಿಲ್ಲ’ ಎಂದಿದ್ದಳು ಅದೆಲ್.

ಬೆಟ್ಟಮ್ಮನಿಗೆ ಮೈ ಉರಿಯಿತು. ಬಳಗದಲ್ಲಿ ಕೈ ಎತ್ತಿಸಿ ಎಣಿಸುವುದು ಯಾವಾಗಲೂ ಊಟಕ್ಕೆ ಮುಂಚೆ, ರೆಂಟನ್ ಪೂರ್ತಿ ಒಲೆ ಮುಂದಿರುವಾಗ. ಇದು ಇಷ್ಟು ದಿನ ತಲೆಗೆ ಹೋಗಿರಲಿಲ್ಲವಲ್ಲ! ದಡದಡ ಅಡುಗೆಮನೆಗೆ ನಡೆದಳು.

"ಸೌಟು ಬುಡ್ರೋ. ಎಲ್ರೂ ಆಚ್ಗೆ ಬನ್ನಿ, ಕೈ ಎತ್ಬೇಕು."

"ಅನ್ನ ಬೇಯ್ತಾ ಅದೆ ಕಣಕ್ಕ," ಎಂದ ತಿಪ್ಪಣ್ಣ.

"ಅದ್ರವ್ವನ್, ಸೀದೋಗ್ಲಿ ಬುಡು!"

ಚಕ್ರಪಾಣಿ "ಮರ್ಜ್ ಬೇಡ ಅನ್ನೋರು?" ಎನ್ನುವ ಹೊತ್ತಿಗೆ ಗೋಡೆಯುದ್ದಕ್ಕೂ ಮೂವತ್ತೊಂದು ಕೈ ಎದ್ದವು. ಅರಿಶಿನ ಹತ್ತಿದವು, ಹಿಟ್ಟು ಮೆತ್ತಿದವು, ಎಣ್ಣೆ ಸಿಡಿದು ಬೊಬ್ಬೆ ಎದ್ದವು. ಅವನು ಕುರ್ಚಿಯಲ್ಲಿ ಕೂತವರನ್ನಷ್ಟೇ ಎಣಿಸಿ ತಿರುಗಿದ.

"ನಮ್ದೂ ಎಣ್ಸಿ ಸ್ವಾಮಿ," ಎಂದಳು ಬೆಟ್ಟಮ್ಮ.

"ಏನದು ವಾಸನೆ? ಥೂ ದರಿದ್ರಗಳಾ, ಅನ್ನ ಸೀದೋಗ್ತಿದೆ! ಹೋಗಿ, ಆಮೇಲೆ ಎಣಿಸೋಣ."

"ಎಣ್ಸೋಗಂಟ ಕದ್ಲಾಕಿಲ್ಲ."

ಹೊಗೆ ಹಾಲ್‌ಗೆ ನುಗ್ಗಿತು. ಅಲಾರಂ ಕಿರುಚತೊಡಗಿತು. ರೇಷ್ಮೆ ಸೀರೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಓಡಿದರು, ಅವರ ಹಿಂದೆ ಚಕ್ರಪಾಣಿ. ತಿಪ್ಪಣ್ಣ ಹೋಗಿ ಒಲೆ ಆರಿಸಿ, ಕೆಮ್ಮುತ್ತಾ ಬಂದು ಮತ್ತೆ ಕೈ ಎತ್ತಿದ.

ಮುನ್ನೂರು ಜನ ಹಸಿದುಕೊಂಡು ಪಾರ್ಕಿಂಗ್‌ನಲ್ಲಿ ನಿಂತಿದ್ದರು. ಒಳಗೆ ಬೆಟ್ಟಮ್ಮ ಒಂದು ಕೈ ಎತ್ತಿಕೊಂಡೇ, ಇನ್ನೊಂದು ಕೈಯಿಂದ ಸಾಲಿನ ತುದಿ ತೋರಿಸಿ ಗಟ್ಟಿಯಾಗಿ ಎಣಿಸತೊಡಗಿದಳು.

"ಒಂದು. ಎರಡು. ಮೂರು..."